ಬೇಡವೆನ್ನಬಲ್ಲ ರೋಗಿ

ಎಲ್ಲರ ಉಸಿರಿನಲ್ಲಿಯೂ ನೆಲೆಸಿರುವ ಭಗವಂತನಿಗೆ ನಮಸ್ಕಾರ.

ನಿನ್ನ ತಾಯಿ ನಮ್ಮನ್ನಗಲಿ ಹನ್ನೆರಡು ವರ್ಷ ತುಂಬಿದ ದಿನ, ಭಾನುವಾರ, ಪ್ರಾತಃಕಾಲ.

ಚಿರಂಜೀವಿ ಮಗಳಿಗೆ ತಂದೆಯ ತುಂಬುಮನಸ್ಸಿನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಎರಡು ತಿಂಗಳಾದರೂ ಉತ್ತರ ಬರೆಯಲಿಲ್ಲ, ಮನ್ನಿಸು. ಅಂಚೆ ಕಚೇರಿಯಲ್ಲಿ ದಿನವಿಡೀ ಪರರ ಕಾಗದಗಳನ್ನು ವಿಂಗಡಿಸುವ ನಿನಗೆ ತಂದೆಯದೊಂದೂ ಸಿಗಲಿಲ್ಲವೆಂದರೆ, ಅದಕ್ಕೆ ಸೋಮಾರಿತನ ಕಾರಣವಲ್ಲ. ಎಪ್ಪತ್ತೇಳರ ಈ ವಯಸ್ಸಿನಲ್ಲಿ ನನಗೊಂದು ಉದ್ಯೋಗ ದೊರೆತಿದೆ. ನಗಬೇಡ. ನಾನೀಗ ವಾರಕ್ಕೆ ಮೂರು ದಿನ ರೋಗಿ.

ನಾನು ವ್ಯಾಕರಣ ಬೋಧಿಸುತ್ತಿದ್ದ ಪ್ರೌಢಶಾಲೆಯಲ್ಲಿಯೇ, ಮುಂದೆ ವೃದ್ಧರ, ಅಶಕ್ತರ ಆರೈಕೆಯನ್ನು ವೃತ್ತಿಯಾಗಿ ಕೈಕೊಳ್ಳಬಯಸುವ ಮಕ್ಕಳಿಗೆಂದು ಹೊಸ ತರಗತಿಯೊಂದನ್ನು ತೆರೆದಿದ್ದಾರೆ. ಹಳೆಯ ಪ್ರಯೋಗಶಾಲೆಯಲ್ಲಿ ಒಂದು ಮಂಚ, ಒಂದು ಗಾಲಿಕುರ್ಚಿ, ಆಳೆತ್ತರದ ರಬ್ಬರಿನ ಬೊಂಬೆ. ಮಂಚದ ಮೇಲೆ ರೋಗಿಯಂತೆ ಮಲಗಲು ನನ್ನನ್ನು ಕರೆದರು; ಬೊಂಬೆಯಿರುವಾಗ ನಾನೇಕೆ ಎಂದು ಕೇಳಿದೆ. ಹಿಂದೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅಲ್ಲಿನ ಶಿಕ್ಷಕಿ, "ಬೊಂಬೆ ಬೇಡ ಅನ್ನಲ್ಲ ಸರ್. ಅದೇ ತೊಂದರೆ" ಎಂದರು.

ಆದುದರಿಂದ ನಾನು ಬೇಡವೆನ್ನುತ್ತೇನೆ. ನೀರು ಬೇಡ, ಹೊದಿಕೆ ಬೇಡ, ಮಗ್ಗುಲು ಬದಲಿಸುವುದು ಬೇಡ. ಮಕ್ಕಳು ನನ್ನನ್ನು ಒಪ್ಪಿಸಬೇಕು. ಮೊದಲ ವಾರ ಒಬ್ಬ ಹುಡುಗ ಅರ್ಧ ಲೋಟ ನೀರನ್ನು ನನ್ನ ಕಿವಿಗೇ ಕುಡಿಸಿದ. ಒಬ್ಬ ಹುಡುಗಿಯ ಉಚ್ಚಾರಣೆಯನ್ನು ನಾನು ಮಲಗಿದಲ್ಲಿಂದಲೇ ತಿದ್ದಿದೆ. "ತಾತ, ನಿಮಗೆ ಪಾರ್ಶ್ವವಾಯು ಆಗಿದೆ. ಸುಮ್ನೆ ಮಲಗಿ" ಎಂದಳು.

ಅವಳು ದರ್ಜಿಯ ಮಗಳು. ಮುಟ್ಟುವ ಮೊದಲು ಕೇಳಬೇಕೆಂಬುದು ಆ ತರಗತಿಯ ಮೊದಲನೆಯ ಪಾಠ. ಉಳಿದವರು ಅದನ್ನು ಕಂಠಪಾಠ ಮಾಡಿದ್ದಾರೆ. ಅವಳು ನಿಜವಾಗಿಯೂ ಕೇಳುತ್ತಾಳೆ. "ಎಡಗೈ ಹಿಡ್ಕೊಳ್ಳಲಾ ತಾತ?" ಎಂದು, ಉತ್ತರ ಬರುವವರೆಗೆ ಕಾಯುತ್ತಾಳೆ.

ಮಕ್ಕಳು ಮುಂದಿನ ಎರಡು ತಿಂಗಳು ವೃದ್ಧಾಶ್ರಮದಲ್ಲಿ ಕೆಲಸ ಕಲಿಯಲು ತಂದೆಯ ಸಹಿ ಬೇಕು. ಮೊನ್ನೆ ಶುಕ್ರವಾರ ಅದಕ್ಕೆ ಕಡೆಯ ದಿನವಾಗಿತ್ತು. ಗುರುವಾರವಾದರೂ ಅವಳ ಒಪ್ಪಿಗೆಪತ್ರ ಬರಲಿಲ್ಲ. ವಿಚಾರಿಸಿದರೆ, ಅಪ್ಪ ಆಗುವುದಿಲ್ಲವೆಂದರು ಎಂದಷ್ಟೇ ಹೇಳಿ ಹೊದಿಕೆ ಮಡಿಸತೊಡಗಿದಳು. ನಾನೊಮ್ಮೆ ಮಾತನಾಡಲೇ ಎಂದು ಅವಳನ್ನೇ ಕೇಳಿ, ಆ ಸಂಜೆ ದರ್ಜಿಯ ಅಂಗಡಿಗೆ ಹೋದೆ.

ಒಳ್ಳೆಯ ಮನುಷ್ಯ. ಸ್ಟೂಲು ಒರೆಸಿ ಕೂರಿಸಿದ. ಮಗಳನ್ನು ಕಚೇರಿಯ ಕುರ್ಚಿಯಲ್ಲಿ ಕಾಣಬೇಕೆಂಬುದು ಅವನ ಆಸೆ. ಸೇವೆಯ ಹಿರಿಮೆಯನ್ನು ಕುರಿತು ನಾನು ಸುದೀರ್ಘವಾಗಿ ನುಡಿದೆ. ಗುಂಡಿ ಹೊಲಿಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ ದಾರ ಕಡಿದು, "ಮಾತು ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಕಂಡೋರ ಹೇಸಿಗೆ ಬಳಿಯೋಕಾ ನಾನು ಮಗಳನ್ನ ಓದಿಸಿದ್ದು? ನಿಮ್ಮ ಮಗಳಾಗಿದ್ರೆ ಕಳಿಸ್ತಿದ್ರಾ?" ಎಂದ.

ಸ್ಟೂಲನ್ನು ಹೊಲಿಗೆಯಂತ್ರದ ಹತ್ತಿರಕ್ಕೆ ಎಳೆದುಕೊಂಡೆ. ಬಳಿಕ ಒಂದು ಸಂಗತಿಯನ್ನು ಹೇಳಿದೆ. ಅವನು ಅಂಗಿಯನ್ನು ಪಕ್ಕಕ್ಕಿಟ್ಟು ಒಳಬಾಗಿಲ ಕಡೆ ತಿರುಗಿ, "ಆ ಕಾಗದ ತಗೊಂಡು ಬಾಮ್ಮಾ" ಎಂದು ಮಗಳನ್ನು ಕರೆದ.

ನಾಳೆಯಿಂದ ಅವಳು ವೃದ್ಧಾಶ್ರಮಕ್ಕೆ ಹೋಗುತ್ತಾಳೆ. ನನ್ನ ಆರೋಗ್ಯದ ಚಿಂತೆ ಬೇಡ. ರೋಗವು ನನಗೆ ವೃತ್ತಿ ಮಾತ್ರ.

ಇತಿ,
ನಿನ್ನ ತಂದೆ

ಪುನಶ್ಚ: ದರ್ಜಿಗೆ ಹೇಳಿದ್ದನ್ನು ನಿನಗೆ ಹೇಳದೆ ಈ ಲಕೋಟೆಯನ್ನು ಅಂಟಿಸಲಾರೆ. ಇಪ್ಪತ್ತೆರಡು ವರ್ಷಗಳ ಹಿಂದೆ ನೀನು ದಾದಿಯರ ಶಾಲೆಯ ಅರ್ಜಿ ಹಿಡಿದು ನಿಂತಾಗ, ನಾನೂ ಅವನ ಮಾತನ್ನೇ ಆಡಿದ್ದೆ; ಸಹಿ ಮಾಡಲಿಲ್ಲ. ಒಂಬತ್ತು ವರ್ಷಗಳ ತರುವಾಯ ನಿನ್ನ ತಾಯಿ ಹಾಸಿಗೆ ಹಿಡಿದಾಗ, ಹನ್ನೊಂದು ತಿಂಗಳು ಆಕೆಯ ಮೈ ತೊಳೆದವಳು, ಹೇಸಿಗೆ ಬಳಿದವಳು ನೀನೇ. ನಾನು ಬಾಗಿಲಾಚೆ ಗ್ರಂಥ ಹಿಡಿದು ಕುಳಿತಿದ್ದೆ. ಒಂದು ದಿನ ನೀನು ಒಳಗಿನಿಂದ, "ಅಪ್ಪಾ, ಸ್ವಲ್ಪ ಈ ಕಡೆ ಹಿಡ್ಕೊಳ್ತೀರಾ?" ಎಂದು ಕರೆದೆ. ನನಗೆ ಕೇಳಿಸಿತ್ತು, ಮಗಳೇ. ಪುಟ ತಿರುಗಿಸಿದೆ.

ಭುಜದ ಕೆಳಗೊಂದು ಕೈ, ಸೊಂಟದ ಬಳಿ ಇನ್ನೊಂದು: ಹಿಡಿಯುವ ಬಗೆಯನ್ನು ಈಗ ಕಲಿತಿದ್ದೇನೆ. ನಿನ್ನ ಆ ಎರಡು ಕೈಗಳನ್ನೂ, ದರ್ಜಿಯ ಮಗಳನ್ನೂ, ಸಹಿ ಮಾಡಿದ ತಂದೆಯನ್ನೂ, ಕಲಿಸುವ ದಾದಿಯನ್ನೂ, ನಾಳೆ ಆ ಮಕ್ಕಳ ಕೈಗೆ ಮೈಯೊಪ್ಪಿಸುವ ವೃದ್ಧರೆಲ್ಲರನ್ನೂ ಭಗವಂತನು ತಣ್ಣಗಿಟ್ಟಿರಲಿ.