ಪುಷ್ಪಲತಾ ಅವರು ಕೇಳದೆ ಬಿಟ್ಟ ಎರಡನೇ ಪ್ರಶ್ನೆ

ಇಪ್ಪತ್ತೊಂದನೇ ಕಡಲೇರು, ಉಪ್ಪುಮಾಸದ ನಲವತ್ತನೇ ದಿನ
ದೀಪಸ್ತಂಭದ ನೀರುಮನೆ, ಕಾಪು

ಮಾನ್ಯ ಪುಷ್ಪಲತಾ ಅವರಿಗೆ,

ನಮಸ್ಕಾರ. ಮೇಲಿನ ತಾರೀಖು ಕಂಡು ಗಾಬರಿಯಾಗಬೇಡಿ. ನಾನು ನಿಮ್ಮಿಂದ ಸುಮಾರು ನಾನೂರು ವರ್ಷ ಮುಂದಿದ್ದೇನೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ಹೆಸರು ಅಂಬುಜೆ, ಇಲ್ಲಿಯ ನೀರುಗಾತಿ. ಕಡಲ ನೀರನ್ನು ಸಿಹಿ ಮಾಡುವ ಯಂತ್ರವನ್ನು ನಾವು ಸಿಹಿಗೂಡು ಎನ್ನುತ್ತೇವೆ. ಅದನ್ನು ನೋಡಿಕೊಳ್ಳುವವರು ನೀರುಗಾತಿಯರು. ಕಡಲು ಸುತ್ತುವರಿದ ಮೇಲೆ ಊರಿನ ಬಾವಿಗಳೆಲ್ಲ ಉಪ್ಪಾದವು. ಮುನ್ನೂರು ಜನ ಕುಡಿಯುವುದು ಈ ಗೂಡಿನ ನೀರನ್ನೇ.

ಹಳೆಯ ಗೋದಾಮಿನಲ್ಲಿ ಸಿಕ್ಕ ನಮ್ಮ ಸಿಹಿಗೂಡು ನೀವು ನೋಡಿಕೊಳ್ಳುತ್ತಿದ್ದ ಹಾಸ್ಟೆಲ್‌ನ ನೀರಿನ ಯಂತ್ರದ ಜಾತಿಯದೇ. ಅದರೊಂದಿಗೆ ನಮಗೆ ಉಳಿದದ್ದು ನಿಮ್ಮ ಅಂತರ್ಜಾಲದ ಗುಂಪಿನ ಪುಟಗಳು. ಇಂಥ ಯಂತ್ರ ನಡೆಸುವವರು ಒಬ್ಬರನ್ನೊಬ್ಬರು ಕೇಳಿ ತಿಳಿಯುತ್ತಿದ್ದ ಗುಂಪು ಅದು. ಮುಖವನ್ನೇ ಕಾಣದವರಿಗಾಗಿ, ಏನೂ ಪಡೆಯದೆ, ಊಟ ಬಿಟ್ಟು ಕೂತು ಉತ್ತರ ಬರೆಯುತ್ತಿದ್ದರಂತೆ. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದರೆ ಬಲ್ಲವರ ಉತ್ತರದಿಂದ ನಮ್ಮ ಗೂಡು ನಡೆಯಲಿಲ್ಲ. ಗಾಳಿ ತೆಗೆದು ಎಂದಿನಂತೆ ಚಾಲೂ ಮಾಡಿ ಎಂದು ಬರೆದು ಮುಗಿಸಿದ್ದಾರೆ ಮಹಾನುಭಾವರು. ಎಂದಿನಂತೆ ಎಂದರೆ ಹೇಗೆಂದು ತಿಳಿದ ಒಂದು ಜೀವವೂ ಈಗಿಲ್ಲ. ಆಗ ಸಿಕ್ಕಿತು ನಿಮ್ಮ ಪ್ರಶ್ನೆ. ಕೇಳುವ ಮೊದಲು ಏನೇನು ಮಾಡಿದಿರೆಂದು ತಿಳಿಸಬೇಕು ಎಂಬುದು ಗುಂಪಿನ ನಿಯಮ. ಹೊಸಬರಾದ ನೀವು ಅದನ್ನು ಚಾಚೂ ತಪ್ಪದೆ ಪಾಲಿಸಿದಿರಿ. ಮೊದಲು ಯಾವ ನಲ್ಲಿ, ಎಷ್ಟು ಸುತ್ತು, ಮುಳ್ಳು ಎಲ್ಲಿಗೆ ಬಂದಾಗ ಕೆಂಪು ಗುಂಡಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡದ್ದು, ಎಲ್ಲವೂ ಇದೆ. ನನ್ನ ಜೊತೆಗಾತಿ ವಾರಿಜೆ ಓದುತ್ತಾ ನೆಲದ ಮೇಲೆ ಕೂತುಬಿಟ್ಟಳು. “ಎಂತ ಮಾರಾಯ್ರೆ, ಇವರು ಒಂದೂ ಬಿಡದೆ ಬರ್ದಿದ್ದಾರಲ್ಲ” ಎಂದಳು. ನೀವು ತಪ್ಪಿದ ಒಂದು ಹೆಜ್ಜೆಯನ್ನು ಅದರ ಕೆಳಗಿದ್ದ ಉತ್ತರದಿಂದ ತಿದ್ದಿಕೊಂಡೆವು, ಉಳಿದ ಹದಿನಾಲ್ಕನ್ನು ನಿಮ್ಮಿಂದ ಕಲಿತೆವು. ಸಂಜೆಗೆ ಸಿಹಿನೀರು ಬಂತು. ಊರಿಗೆ ಊರೇ ಅತ್ತಿತು, ನಾನೂ ಅತ್ತೆ.

ಅಂದಿನಿಂದ ಇಲ್ಲೊಂದು ಪದ್ಧತಿಯಿದೆ. ಹೊಸಬರು ಪ್ರಶ್ನೆ ಕೇಳಿದರೆ ಹಿರಿಯರು ಕೈಯ ಕೆಲಸ ಬಿಟ್ಟು ಕೂರಬೇಕು. ಕೇಳುವವರು ತಾವು ಮಾಡಿದ್ದನ್ನೆಲ್ಲ, ಹೇಳಲು ನಾಚಿಕೆಯಾಗುವುದನ್ನೂ ಸೇರಿಸಿ, ಹೇಳಬೇಕು. ನಕ್ಕವರು ಆ ದಿನ ತೊಟ್ಟಿಯ ಪಾಚಿ ಕೆರೆಯಬೇಕು. ನಾನೇ ಎರಡು ಸಲ ಕೆರೆದಿದ್ದೇನೆ.

ನಿಮ್ಮ ಗುಂಪಿನವರು ನಕ್ಕರು. “ಇದೇನ್ ಮೇಡಂ, ಪ್ರಶ್ನೆನಾ ಪುರಾಣನಾ? ಮೊದ್ಲು ಹುಡುಕಿ ನೋಡಿ, ಆಮೇಲೆ ಕೇಳಿ” ಎಂದು ಒಬ್ಬರು ಬರೆದಿದ್ದಾರೆ. ಅದರ ಕೆಳಗೆ ನೀವು ಕ್ಷಮೆ ಕೇಳಿದ್ದೀರಿ. ಫಿಲ್ಟರ್ ತೊಳೆಯುವುದರ ಬಗ್ಗೆ ಇನ್ನೊಂದು ಡೌಟ್ ಇತ್ತು, ಇರಲಿ ಬಿಡಿ, ಎಂದಿದ್ದೀರಿ. ಆಮೇಲೆ ನಿಮ್ಮ ಹೆಸರು ಮತ್ತೆಲ್ಲೂ ಕಾಣುವುದಿಲ್ಲ.

ಪುಷ್ಪಲತಾ ಅವರೇ, ನಮ್ಮ ಫಿಲ್ಟರ್ ಕಟ್ಟಿಕೊಂಡಿದೆ. ದಿನಕ್ಕೆ ನೂರು ಕೊಡ ನೀರು ಬರುತ್ತಿದ್ದಲ್ಲಿ ಈಗ ಬರುವುದು ಮೂವತ್ತು. ಅದನ್ನು ತೊಳೆಯುವ ಬಗೆಯನ್ನು ಬಲ್ಲವರು ಯಾರೂ ಬರೆದಿಟ್ಟಿಲ್ಲ, ಏಕೆಂದರೆ ಅವರನ್ನು ಯಾರೂ ಕೇಳಲೇ ಇಲ್ಲ. ನಿಮಗೆ ಕೈಮುಗಿಯುತ್ತೇನೆ, ಕೇಳಿ. ದಡ್ಡ ಪ್ರಶ್ನೆ ಎನಿಸಿದರೂ ಕೇಳಿ, ಉದ್ದವಾಗಿಯೇ ಕೇಳಿ. ನಗುವವರು ನಗಲಿ, ಅವರ ನಡುವೆ ಉತ್ತರ ಕೊಡುವ ಒಬ್ಬರು ಇದ್ದೇ ಇರುತ್ತಾರೆ. ನಾನು ಈ ಕಾಗದ ಬರೆಯಲು ಕೂತಂದಿನಿಂದ, ಇದು ನಿಮಗೆ ಮುಟ್ಟಿದರೆ ಆ ಪುಟದ ಕೊನೆಯಲ್ಲಿ ಹೊಸ ಸಾಲೊಂದು ಮೂಡೀತೆಂದು ವಾರಿಜೆ ದಿನಾ ಬೆಳಿಗ್ಗೆ ಅದನ್ನು ತೆರೆಯುತ್ತಾಳೆ. ಇವತ್ತೂ ತೆರೆದು ನೋಡಿದಳು.

ನಿಮ್ಮ ಶಿಷ್ಯೆ,
ಅಂಬುಜೆ