ಎಣ್ಣೆ ಬಿಟ್ಟ ಮೇಲೆ

ಮಗಳೇ,

ನಮ್ಮಂಗಡಿಯ ಹೊಲಿಗೆ ಮೆಷಿನ್ನಿನ ಕಟಕಟ ಸದ್ದನ್ನು ನೀನು ಹಾಡು ಮಾಡಿ ಫೋನಿನಲ್ಲಿ ಹರಿಯಬಿಟ್ಟಿದ್ದೀಯಂತೆ. ನಡುವೆ ನನ್ನ ಬೈಗುಳವೂ ಇದೆ: "ಆ ಫೋನ್ ಕೆಳಗಿಡೇ, ಗುಂಡಿ ಹಚ್ಚು!" ಅದಕ್ಕೆ ಬೀದಿಯ ಹುಡುಗಿಯರೆಲ್ಲ ಕುಣಿಯುತ್ತಾರೆ. ಇದು ಮರ್ಯಾದೆಯೋ ಗೇಲಿಯೋ, ನನಗೆ ತಲೆಬುಡ ತಿಳಿಯುತ್ತಿಲ್ಲ.

ಸದ್ದು ಕೇಳಲು ಜನ ಬರುತ್ತಾರಲ್ಲ ಎಂದು ಮೆಷಿನ್ನಿಗೆ ಎಣ್ಣೆ ಬಿಟ್ಟು, ತಿರುಪು ಬಿಗಿ ಮಾಡಿಸಿದೆ. ಆಮೇಲೆ ಅದು ಉಸಿರೇ ಎತ್ತಲಿಲ್ಲ. ಬಂದವರು "ಇದಲ್ಲ ಬಿಡಿ ಟೈಲರಣ್ಣ" ಎಂದು ಹೊರಟುಹೋದರು.

ತಿರುಪನ್ನು ಮತ್ತೆ ಸಡಿಲಿಸಿದ್ದೇನೆ. ಎಷ್ಟು ಸಡಿಲಿಸಿದರೆ ಸರಿಯೋ ಗೊತ್ತಾಗದು. ಮುನಿಸಿಕೊಂಡು ಚಿಕ್ಕಮ್ಮನ ಮನೆ ಸೇರಿದವಳು ಒಮ್ಮೆ ಬಂದು ಕೇಳಿ ಹೇಳು. ಬೈಯುವುದಿಲ್ಲ. ಹಾಡಿಗೆ ಬೇಕಾದರೆ ಮಾತ್ರ ಬೈಯುತ್ತೇನೆ.

ನಿನ್ನ ಅಪ್ಪ