ಒಲಿಂಬಿಯ ಮಂಡಿ ಮತ್ತು ತಮ್ಮ ಆರೋಗ್ಯ ಪಥ

ನಗರಸಭೆಯ ಆರೋಗ್ಯಾಧಿಕಾರಿಗಳ ಗಮನಕ್ಕೆ, ಗಮನ ಬಿಡುವಾಗಿದ್ದರೆ

ಮಾನ್ಯರೇ,

ತಾವು ತೋರಿಸಿದ ದಾರಿಯಲ್ಲಿ ವಸಂತವಿಡೀ ನಡೆದು ನನ್ನ ಹೆಂಡತಿ ಒಲಿಂಬಿ ಮೂರು ಕಿಲೋ ಏರಿದಳು, ನಾನು ನಾಲ್ಕು ಏರಿದೆ. ತಾವು ನಿಷ್ಪ್ರಯೋಜಕ ಎಂದ ಬೀದಿಗೆ ಬೇಸಿಗೆಯಲ್ಲಿ ತಿರುಗಿ ಬಂದು ಕಾಲೆಳೆದುಕೊಂಡು ಅಡ್ಡಾಡಿದ ಮೇಲೆ ಅವಳು ಐದು ಇಳಿದಳು. ಈಗ ತಾವು ಆ ಬೀದಿಯನ್ನು ಕಾರುಗಳಿಗೆ ಕೊಡಲು ಹೊರಟಿದ್ದೀರಿ. ಈ ಬಗ್ಗೆ ಎರಡು ಮಾತು ಆಡೋಣವೆಂದು ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಇನ್ನೊಮ್ಮೆ ಬಂದೆ, ಆಗಲೂ ಸಭೆಯಲ್ಲಿದ್ದಿರಿ. ಅಷ್ಟು ಹೊತ್ತು ಕೂತೇ ಇರುವುದು ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ತಮ್ಮ ಕಚೇರಿಯ ಗೋಡೆಯ ಮೇಲಿನ ಚಿತ್ರಪಟವೇ ಹೇಳುತ್ತದೆ. ಆದ್ದರಿಂದ ಊರಿನ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ದಯವಿಟ್ಟು ನಿಂತುಕೊಂಡು ಓದಿ.

ನಗರಸಭೆಯ ಬಾಗಿಲಿಗೆ ಅಂಟಿಸಿದ ಪ್ರಕಟಣೆಯ ಪ್ರಕಾರ ಸೆಪ್ಟೆಂಬರ್ ಒಂದರಿಂದ ನಮ್ಮ ಮುಖ್ಯ ಬೀದಿ ಸಂಜೆ ಹೊತ್ತಿನಲ್ಲೂ ವಾಹನಗಳಿಗೆ ತೆರೆದಿರುತ್ತದೆ. ನನ್ನ ಅಜ್ಜನ ಕಾಲದಿಂದ ಸಂಜೆ ಆ ಬೀದಿಯಲ್ಲಿ ಊರೆಲ್ಲ ಆ ತುದಿಯಿಂದ ಈ ತುದಿಗೆ ಸುತ್ತು ಹಾಕುತ್ತಾ ಬಂದಿದೆ. ದೊರೆ ಬಂದ, ಯುದ್ಧ ಬಂತು, ಕಮ್ಯುನಿಸ್ಟ್ ಪಕ್ಷ ಬಂತು, ಹೋಯಿತು, ಯಾರೂ ಸಂಜೆ ಸುತ್ತನ್ನು ಮುಟ್ಟಲಿಲ್ಲ. ಅದನ್ನು ಮುಟ್ಟಿದ ಕೀರ್ತಿ ತಮ್ಮ ಶಿಫಾರಸಿಗೆ ಸಲ್ಲುತ್ತದೆ: 'ಸಂಜೆ ಸುತ್ತು ತೂಕ ಇಳಿಸುವ ದೃಷ್ಟಿಯಿಂದ ನಿಷ್ಪ್ರಯೋಜಕ. ಪರಿಣಾಮಕಾರಿ ನಡಿಗೆಗೆ ನಾಗರಿಕರು ನದಿ ದಂಡೆಯ ಆರೋಗ್ಯ ಪಥವನ್ನು ಬಳಸತಕ್ಕದ್ದು.' ಮಾತಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು, ಅಷ್ಟು ಬಿರುಸಾಗಿ ನಡೆಯಬೇಕು ಎಂದು ಕೆಳಗೆ ವಿವರಣೆಯೂ ಇದೆ. ನಮ್ಮ ಬೀದಿಯಲ್ಲಿ ನಡೆಯುತ್ತಾ ಮಾತಾಡಬಹುದು, ಹಾಡಬಹುದು, ಭಾವಮೈದುನನ ಜೊತೆ ರಾಜಕೀಯದ ಜಗಳ ಆರಂಭಿಸಿ ಮುಗಿಸಲೂಬಹುದು. ಆ ಮಟ್ಟಿಗೆ ತಾವು ಹೇಳಿದ್ದು ನಿಜ, ಒಪ್ಪುತ್ತೇನೆ.

ಒಲಿಂಬಿಯ ಮಂಡಿಯ ವಿಷಯಕ್ಕೆ ಬರುತ್ತೇನೆ. ಕಳೆದ ಚಳಿಗಾಲವಿಡೀ ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಳೆದಳು. ಮಂಡಿ ಸವೆದಿದೆ, ಬದಲಿಸಬೇಕು ಎಂದರು ರಾಜಧಾನಿ ತಿರಾನಾದ ಶಸ್ತ್ರವೈದ್ಯರು. ಆದರೆ ಅದಕ್ಕೆ ಮೊದಲು ತೂಕ ಇಳಿಯಬೇಕು, ಇಳಿಯದಿದ್ದರೆ ಕತ್ತರಿ ಹಿಡಿಯುವುದಿಲ್ಲ ಎಂದೂ ಕಡ್ಡಿ ಮುರಿದಂತೆ ಹೇಳಿದರು. ನಿಧಾನವಾಗಿಯಾದರೂ ಸರಿ, ದಿನಾ ನಡೆಯಿರಿ ಎಂದರು. ಅದೇ ವಾರ ತಾವು ಆರೋಗ್ಯ ಪಥದ ರಿಬ್ಬನ್ ಕತ್ತರಿಸಿದಿರಿ. ದೇವರೇ ದಾರಿ ತೋರಿಸಿದ ಎಂದುಕೊಂಡೆವು. ದಾರಿ ತೋರಿಸಿದ್ದು ನಗರಸಭೆ ಎಂಬುದು ಆಗ ಮರೆತುಹೋಗಿತ್ತು.

ಪಥ ಚೆನ್ನಾಗಿದೆ. ನೆಲ ಸಮ, ಚಿನಾರ್ ಮರಗಳ ನೆರಳು, ಕಲ್ಲುಬೆಂಚುಗಳು. ನಾನು ಜೀವನವಿಡೀ ಭೂಗೋಳ ಕಲಿಸಿದವನು, ನಕ್ಷೆಯೊಂದನ್ನು ನೋಡಿ ಮೆಚ್ಚುವ ಯೋಗ್ಯತೆ ನನಗಿದೆ. ತಾವು ಏರು ಅಳೆದಿರಿ, ಇಳಿಜಾರು ಅಳೆದಿರಿ, ನೆರಳು ಎಲ್ಲಿ ಬೀಳುತ್ತದೆ ಎಂದೂ ಅಳೆದಿರಿ. ಬಾಗಿಲುಗಳನ್ನು ಮಾತ್ರ ನೋಡಲಿಲ್ಲ. ಆ ಪಥ ಹಾದುಹೋಗುವುದು ಹಳೇ ಕೇರಿಯ ನಡುವೆ, ಸ್ವಾಮಿ. ಅಲ್ಲಿ ಪ್ರತಿ ಬಾಗಿಲೂ ನದಿಯ ಕಡೆಗೇ ತೆರೆಯುತ್ತದೆ, ಪ್ರತಿ ಬಾಗಿಲ ಹಿಂದೆ ನಮಗೆ ಬೇಕಾದವರು ಒಬ್ಬರಿದ್ದಾರೆ.

ಮೊದಲ ದಿನ ನಾವು ಹೊಸ ಬೂಟು ತೊಟ್ಟು ಹೊರಟೆವು. ತಿರುವು ದಾಟುವಷ್ಟರಲ್ಲಿ ನನ್ನ ಚಿಕ್ಕಮ್ಮ ಪೊಲಿಕ್ಸೆನಿ ಬಾಗಿಲಲ್ಲಿ ನಿಂತಿದ್ದಳು.

"ಯಾರದು, ವಾಂಜೆಲಾ? ನಮ್ಮನೆ ಮುಂದೇನೇ ಹೋಗ್ತಿದ್ದೀಯ, ಒಳಗೆ ಬರಲ್ವೇನೋ?"

"ಇಲ್ಲ ಚಿಕ್ಕಮ್ಮ, ನಡೀತಾ ಇದ್ದೀವಿ. ವ್ಯಾಯಾಮ."

"ನಡೀತಾ ಎಲ್ಲಿಗೆ ಹೋಗ್ತಿದ್ದೀರಿ?"

"ಎಲ್ಲಿಗೂ ಇಲ್ಲ."

"ಎಲ್ಲಿಗೂ ಹೋಗದೆ ಇರೋರಿಗೆ ಇಲ್ಲಿ ಕೂರೋಕೇನು ಕಷ್ಟ? ಬಾ ಒಲಿಂಬಿ, ನೀನಾದ್ರೂ ಬಾ. ಇವನು ಚಿಕ್ಕಂದಿನಿಂದ ಹೀಗೇ."

ಸಕ್ಕರೆ ಪಾಕದಲ್ಲಿ ಬೇಯಿಸಿದ ಅಂಜೂರ ಬಂತು, ಕಾಫಿ ಬಂತು, ಅಂಜೂರ ಇನ್ನೊಂದು ಸಲ ಬಂತು. ಎದ್ದು ಹೊರಟರೆ ಮುಂದಿನ ಬಾಗಿಲು ನನ್ನ ದೊಡ್ಡಪ್ಪನ ಮಗ ನೆಸ್ತಿಯದು. ಅವನು ದ್ರಾಕ್ಷಿಯಿಂದ ರಾಕಿ ಬಟ್ಟಿ ಇಳಿಸುವುದರಲ್ಲಿ ಈ ಕೇರಿಗೇ ಹೆಸರಾದವನು. ಚಿಕ್ಕಮ್ಮನ ಮನೆಯಲ್ಲಿ ಈಗ ತಾನೇ ಆಯಿತು ಮಾರಾಯ ಎಂದೆ. ಅದನ್ನು ಹೇಳಿದ್ದೇ ತಪ್ಪಾಯಿತು. "ಅವಳ ಮನೇಲಿ ತಿಂದು ನನ್ನ ಮನೇಲಿ ತಿನ್ನಲ್ಲ ಅಂದ್ರೆ ನಾನು ಏನಂತ ತಿಳ್ಕೋಬೇಕಣ್ಣ?" ಎಂದ. ಅವನು ಏನೂ ತಿಳಿದುಕೊಳ್ಳದಿರಲೆಂದು ರಾಕಿ ಕುಡಿದೆ, ಚೀಸು ತಿಂದೆ. ಅವನ ಹೆಂಡತಿ ಸೊಪ್ಪು ತುಂಬಿದ ಪದರು ರೊಟ್ಟಿಯನ್ನು ಒಲೆಯಿಂದ ತೆಗೆದಳು. ನಾವು ಆ ದಿನ ಮನೆ ಸೇರಿದ್ದು ಟ್ಯಾಕ್ಸಿಯಲ್ಲಿ.

ಬೇಡ ಅನ್ನಬಾರದಿತ್ತೇ ಎಂದು ತಾವು ಕೇಳಬಹುದು. ತಾವು ಓದಿದ ದೇಶದಲ್ಲಿ ಬೇಡ ಎಂದರೆ ಬೇಡ ಇರಬಹುದು. ಇದು ಅಲ್ಬೇನಿಯಾ. ಇಲ್ಲಿ ಮೊದಲ ಬೇಡ ಮರ್ಯಾದೆ, ಎರಡನೆಯದು ಸಂಕೋಚ, ಮೂರನೆಯದು ಜಗಳ. ಹೊಸ್ತಿಲ ಮುಂದೆ ಬಂದವನನ್ನು ಒಳಗೆ ಕರೆಯದಿದ್ದರೆ ಮನೆಯವರ ಮಾನ ಹೋಗುತ್ತದೆ, ಕರೆದರೂ ಹೋಗದಿದ್ದರೆ ಬಂದವನ ಮಾನ ಹೋಗುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಒಂದು ಕಡೆ ವೈದ್ಯರು, ಇನ್ನೊಂದು ಕಡೆ ಚಿಕ್ಕಮ್ಮ. ವೈದ್ಯರು ತಿರಾನಾದಲ್ಲಿದ್ದರು, ಚಿಕ್ಕಮ್ಮ ಬಾಗಿಲಲ್ಲೇ ಇದ್ದಳು. ಇಷ್ಟಕ್ಕೂ ಈ ಸಂಕಟ ತಮಗೆ ಹೊಸದಲ್ಲ. ರಿಬ್ಬನ್ ಕತ್ತರಿಸಿದ ದಿನ ತಮ್ಮನ್ನೂ ಅವಳು ಒಳಗೆ ಕರೆದಳಂತೆ. "ಆ ಡಾಕ್ಟ್ರು ಪಾಪ, ಎರಡು ತಟ್ಟೆ ಅಂಜೂರ ತಿಂದ. ಒಳ್ಳೇ ಹುಡುಗ" ಎಂದು ಇಂದಿಗೂ ಹೊಗಳುತ್ತಾಳೆ. ಆಮೇಲೆ ಆ ಒಳ್ಳೇ ಹುಡುಗ ಪಥದ ಕಡೆ ಮುಖ ಹಾಕಿಲ್ಲ.

ನಾವು ಉಪಾಯ ಮಾಡದೇ ಇರಲಿಲ್ಲ. ಒಂದು ವಾರ ತಲೆ ತಗ್ಗಿಸಿಕೊಂಡು, ಯಾರ ಮುಖವನ್ನೂ ನೋಡದೆ, ತಾವು ಹೇಳಿದ ಹಾಗೆ ಬಿರುಸಾಗಿ ನಡೆದೆವು. ಒಲಿಂಬಿ ಹಲ್ಲು ಕಚ್ಚಿಕೊಂಡು ನಡೆದಳು. ವಾರ ಮುಗಿಯುವುದರೊಳಗೆ ಊರೆಲ್ಲ ಸುದ್ದಿಯಾಯಿತು, ವಾಂಜೆಲನಿಗೂ ನೆಸ್ತಿಗೂ ದ್ರಾಕ್ಷಿ ತೋಟದ ವಿಷಯದಲ್ಲಿ ಮಾತು ಬಿಟ್ಟಿದೆ ಎಂದು. ಪೊಲಿಕ್ಸೆನಿ ಅತ್ತಳು. ನೆಸ್ತಿ ಇಲ್ಲದ ಜಗಳಕ್ಕೆ ರಾಜಿ ಮಾಡಿಕೊಳ್ಳಲು ಇಬ್ಬರು ಹಿರಿಯರನ್ನು ಕಳಿಸಿದ. ರಾಜಿಯೆಂದರೆ ಬರಿ ಕೈಕುಲುಕಿ ಮುಗಿಸುವ ಬಾಬತ್ತೇ? ಅವನ ಮನೆಯಲ್ಲೊಂದು ಕುರಿಮರಿ, ನಮ್ಮ ಮನೆಯಲ್ಲೊಂದು ಕುರಿಮರಿ, ಚಿಕ್ಕಮ್ಮನ ಮನೆಯಲ್ಲಿ ಎಲ್ಲರಿಗೂ ಸೇರಿ ಪಾಕ ಸುರಿದ ಬಕ್ಲಾವಾ. ತಮ್ಮ ವೈಜ್ಞಾನಿಕ ನಡಿಗೆಯಿಂದ ಕರಗಿದ್ದೇನಾದರೂ ಇದ್ದರೆ ಅದು ಆ ಎರಡು ಕುರಿಮರಿಗಳು ಮಾತ್ರ.

ಜೂನ್ ತಿಂಗಳಲ್ಲಿ ತಿರಾನಾಕ್ಕೆ ಹೋದೆವು. ಶಸ್ತ್ರವೈದ್ಯರು ತಕ್ಕಡಿಯ ಮುಳ್ಳು ನೋಡಿದರು, ಒಲಿಂಬಿಯನ್ನು ನೋಡಿದರು.

"ನಡೀತೀನಿ ಅಂದಿದ್ರಲ್ಲಮ್ಮ?"

"ದಿನಾ ನಡೀತೀನಿ ಡಾಕ್ಟ್ರೇ."

"ಎಲ್ಲಿಂದ ಎಲ್ಲಿಗೆ?"

ನನ್ನ ಹೆಂಡತಿಗೆ ಸುಳ್ಳು ಬರುವುದಿಲ್ಲ. "ಮನೆಯಿಂದ ಮನೆಗೆ" ಎಂದಳು.

ಅವರು ನಕ್ಕರು, ಆದರೆ ಶಸ್ತ್ರಚಿಕಿತ್ಸೆಯನ್ನು ಅಕ್ಟೋಬರ್‌ಗೆ ತಳ್ಳಿದರು. ಅಷ್ಟರೊಳಗೆ ಇಳಿಯದಿದ್ದರೆ ಮುಂದಿನ ವರ್ಷ ನೋಡೋಣ ಎಂದರು. ಬಸ್ಸಿನಲ್ಲಿ ಊರು ಹತ್ತಿರ ಬಂದಾಗ, "ಇನ್ನೊಂದು ಚಳಿಗಾಲ ಆ ಕಿಟಕಿ ಹತ್ರ ಕೂರೋಕೆ ನನ್ನಿಂದ ಆಗಲ್ಲ ವಾಂಜೆಲ್" ಎಂದಳು. ಕಷ್ಟವೆಂದು ಬಾಯಿಬಿಟ್ಟು ಹೇಳುವವಳಲ್ಲ ಅವಳು.

ಮರುದಿನದಿಂದ ಮತ್ತೆ ಮುಖ್ಯ ಬೀದಿಗೆ ಇಳಿದೆವು. ನಮ್ಮ ಮನೆ ಅಲ್ಲೇ ಇದೆ, ಮೆಟ್ಟಿಲಿಳಿದರೆ ಬೀದಿ. ನಡೆದದ್ದು ಆಮೆಯ ಹಾಗೆ, ನಿಂತು ನಿಂತು. ಆದರೂ ಮುಳ್ಳು ಇಳಿಯತೊಡಗಿತು. ಯಾಕೆಂದು ತಮಗೆ ಆಶ್ಚರ್ಯವಾಗಬಹುದು, ನಮಗೂ ಆಯಿತು. ಆಮೇಲೆ ಹೊಳೆಯಿತು. ಬೀದಿಯಲ್ಲಿ ಎದುರಾಗಿ, ಕೈ ಹಿಡಿದು, ನೀವು ಹೇಗಿದ್ದೀರಿ, ಮಕ್ಕಳು ಹೇಗಿದ್ದಾರೆ, ದ್ರಾಕ್ಷಿ ಹೇಗಿದೆ ಎಂದು ಕೇಳಿಬಿಟ್ಟರೆ, ಅವರ ಮನೆಗೆ ಹೋಗಿ ಬಂದ ಹಾಗೆಯೇ ಲೆಕ್ಕ. ಯಾರ ಮಾನವೂ ಹೋಗುವುದಿಲ್ಲ. ಪೊಲಿಕ್ಸೆನಿಯೂ ಸಂಜೆ ಒಳ್ಳೆಯ ಬೂಟು ಹಾಕಿಕೊಂಡು ಅಲ್ಲಿಗೇ ಬರುತ್ತಾಳೆ. ಒಲಿಂಬಿಯ ತೋಳು ಹಿಡಿದು ಊರಿನ ಸುದ್ದಿಯನ್ನೆಲ್ಲ ಹೇಳುತ್ತಾಳೆ. ಬೀದಿಯಲ್ಲಿ ಅವಳ ಕೈಯಲ್ಲಿ ತಟ್ಟೆ ಇರುವುದಿಲ್ಲ.

ಇನ್ನೊಂದು ವಿಷಯ. ತಮ್ಮ ಪಥದಲ್ಲಿ ಒಂದು ದಿನ ತಪ್ಪಿಸಿದರೆ ಕೇಳುವವರಿಲ್ಲ. ಸಂಜೆ ಸುತ್ತಿಗೆ ಒಂದು ದಿನ ತಪ್ಪಿಸಿ ನೋಡಿ, ಬೆಳಿಗ್ಗೆ ಬೇಕರಿಯಲ್ಲಿ, ಔಷಧದಂಗಡಿಯಲ್ಲಿ, ಚರ್ಚಿನ ಬಾಗಿಲಲ್ಲಿ, ಮಸೀದಿಯ ಬಾಗಿಲಲ್ಲಿ ಎಲ್ಲರೂ ಕೇಳುತ್ತಾರೆ, ಮೈ ಸರಿಯಿಲ್ವಾ ಎಂದು. ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ನಡೆಯುವುದೇ ಸುಲಭ. ಒಲಿಂಬಿಯ ಸೊಂಟ ಇಳಿದದ್ದನ್ನು ನನಗಿಂತ ಮೊದಲು ಕಂಡುಹಿಡಿದದ್ದು ಹೂವಿನಂಗಡಿಯವಳು. "ಏನೇ, ಲಂಗಕ್ಕೆ ಪಿನ್ನು ಹಾಕಿದ್ದೀಯಲ್ಲ" ಎಂದಳು. ಆ ಒಂದು ಮಾತಿಗೆ ನನ್ನ ಹೆಂಡತಿ ಮನೆಗೆ ಬಂದು ರಾತ್ರಿಯ ಬ್ರೆಡ್ಡನ್ನು ಅರ್ಧ ಮಾಡಿದಳು. ವೈದ್ಯರು ಆರು ತಿಂಗಳಿಂದ ಹೇಳಿ ಸೋತ ಮಾತು ಅದು.

ಆದ್ದರಿಂದ ನಡಿಗೆಯಿಂದ ತೂಕ ಇಳಿಯುತ್ತದೆಯೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟು: ಬರಿ ನಡಿಗೆಯಿಂದ ಹೆಚ್ಚೇನೂ ಇಳಿಯುವುದಿಲ್ಲ. ಬಿರುಸಾಗಿ ನಡೆದರೆ ಇನ್ನಷ್ಟು ಇಳಿಯುತ್ತದೆ, ಅದನ್ನು ಅಲ್ಲಗಳೆಯುವಷ್ಟು ಮೂರ್ಖ ನಾನಲ್ಲ. ಆದರೆ ನಾಳೆಯೂ ನಡೆಯಬೇಕಲ್ಲ, ನಾಡಿದ್ದೂ ನಡೆಯಬೇಕಲ್ಲ? ಮಂಡಿ ಸವೆದವಳು, ಬಿರುಸೆಂದರೆ ಹಲ್ಲು ಕಚ್ಚಬೇಕಾದವಳು, ಯಾವ ಆಸೆಗೆ ದಿನಾ ಮೆಟ್ಟಿಲಿಳಿಯಬೇಕು? ತೂಕ ಇಳಿಸುವ ಆಸೆಗೆ ಯಾರೂ ಅಷ್ಟು ದಿನ ಇಳಿಯುವುದಿಲ್ಲ, ಸ್ವಾಮಿ. ಜನ ಕಾಣುತ್ತಾರೆಂದು ಇಳಿಯುತ್ತಾರೆ.

ಮತ್ತು ಈಗ ಆ ಜನರ ಜಾಗದಲ್ಲಿ ಕಾರುಗಳು ಬರಲಿವೆ. ಬೀದಿಯ ಬದಿಯಲ್ಲಿ ನಡೆಯಬಹುದಲ್ಲ ಎನ್ನಬೇಡಿ. ಬದಿಯಲ್ಲಿ ಕಾಫಿ ಅಂಗಡಿಯವರ ಕುರ್ಚಿಗಳಿವೆ, ಅದಕ್ಕೆ ಪರವಾನಗಿ ಕೊಟ್ಟದ್ದೂ ನಗರಸಭೆಯೇ. ಅಕ್ಟೋಬರ್‌ಗೆ ಹೆಚ್ಚು ದಿನ ಉಳಿದಿಲ್ಲ, ಇಳಿಯಬೇಕಾದದ್ದು ಇನ್ನೂ ಇದೆ. ಪ್ರಕಟಣೆಯನ್ನು ಓದಿ ಬಂದು ಮನೆಯಲ್ಲಿ ಹೇಗೆ ಹೇಳಲಿ ಎಂದು ಹಿಂದೆಮುಂದೆ ನೋಡಿದೆ. ಹೇಳಿದೆ. ಒಲಿಂಬಿ ಸಂಜೆಗೆಂದು ಬೂಟು ತೆಗೆದಿಟ್ಟಳು.

"ಕಾರು ಬಂದ್ರೆ ಬರಲಿ. ನಾವು ನಡೀಬಾರ್ದು ಅಂತ ಏನಾದ್ರೂ ಬರೆದಿದ್ದಾರಾ?"

"ಹಾಗೇನೂ ಬರೆದಿಲ್ಲ."

"ಮತ್ತಿನ್ನೇನು. ನಾನು ನಡುವೆ ನಡೀತೀನಿ. ಹಿಂದೆ ಬರೋರು ಕಾಯಲಿ."

"ಹಾರ್ನ್ ಹೊಡೀತಾರೆ ಕಣೇ."

"ಹೊಡೀಲಿ. ಹಾರ್ನ್ ಕೇಳಿದ್ರೆ ನನ್ನ ಮಂಡಿ ಬೇಗ ಬಾಗುತ್ತಾ? ನೀನು ಕೈ ಹಿಡ್ಕೊಂಡಿರ್ತೀಯ ತಾನೇ?"

ಹಿಡಿದುಕೊಂಡಿರುತ್ತೇನೆ ಎಂದೆ. ಮದುವೆಗೆ ಮೊದಲು ಇದೇ ಬೀದಿಯಲ್ಲಿ, ಇಬ್ಬರ ಅಪ್ಪಂದಿರೂ ಹಿಂದೆ ಬರುತ್ತಿದ್ದಾಗ ಆ ಕೈ ಮುಟ್ಟುವ ಧೈರ್ಯವಾಗದೆ ಒಂದು ಇಡೀ ಬೇಸಿಗೆ ಪಕ್ಕದಲ್ಲಿ ಬರಿದೇ ನಡೆದವನು ನಾನು. ಈಗ ಬಿಡುತ್ತೇನೆಯೇ?

ನನ್ನ ಬೇಡಿಕೆ ದೊಡ್ಡದಲ್ಲ. ತಮ್ಮ ಶಿಫಾರಸನ್ನು ಹಿಂತೆಗೆದುಕೊಳ್ಳಿ. ಸಂಜೆಯ ಆ ಸ್ವಲ್ಪ ಹೊತ್ತು ಬೀದಿಯನ್ನು ಮೊದಲಿನ ಹಾಗೆ ಕಾಲುಗಳಿಗೆ ಬಿಟ್ಟುಕೊಡಿ. ಆರೋಗ್ಯ ಪಥವನ್ನು ಮುಚ್ಚಬೇಕಾಗಿಲ್ಲ, ಮುಚ್ಚಿದರೆ ಚಿಕ್ಕಮ್ಮನಿಗೆ ಬೇಜಾರಾಗುತ್ತದೆ. ಅತಿಥಿ ಪಥ ಎಂದು ಹೆಸರು ಬದಲಿಸಿದರೆ ಸಾಕು, ಹಸಿದವರು ಹೋಗಲಿ.

ಆಗುವುದಿಲ್ಲ ಎನ್ನುವುದಾದರೆ ಸೆಪ್ಟೆಂಬರ್ ಒಂದರ ಸಂಜೆ ನಾವು ಬೀದಿಯ ನಡುವೆ ಇರುತ್ತೇವೆ. ಕಚೇರಿಯಿಂದ ಮನೆಗೆ ತಮ್ಮ ದಾರಿಯೂ ಅದೇ ಎಂದು ಕೇಳಿದ್ದೇನೆ. ತಮ್ಮ ಕಾರು ನಮ್ಮ ಹಿಂದೆ ಬಂದು ನಿಂತಾಗ ದಯವಿಟ್ಟು ಹಾರ್ನ್ ಹೊಡೆಯಬೇಡಿ, ಇಳಿದು ಬನ್ನಿ. ಈ ನಡಿಗೆಯಿಂದ ಏನೂ ಪ್ರಯೋಜನವಿಲ್ಲ ಎಂಬುದನ್ನು ಒಲಿಂಬಿಗೆ ತಾವೇ ಖುದ್ದಾಗಿ ವಿವರಿಸಿ. ಅವಳ ಒಂದು ಕೈ ನಾನು ಹಿಡಿದಿರುತ್ತೇನೆ. ಇನ್ನೊಂದು ತಮಗಾಗಿ ಖಾಲಿ ಇರುತ್ತದೆ.

ಇಂತಿ,
ಹೆಂಡತಿಯ ತೂಕ ಇಳಿದರೂ ತನ್ನ ನಾಲ್ಕು ಕಿಲೋ ಇನ್ನೂ ಹೊತ್ತು ತಿರುಗುತ್ತಿರುವ,
ವಾಂಜೆಲ್,
ನಿವೃತ್ತ ಭೂಗೋಳ ಶಿಕ್ಷಕ